ಕೋಡ್ ಒಂದೇ, ಕೆಂಪು ಹಲವು

ಕುರುಬರಹಳ್ಳಿಯ ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗಿ ಸ್ವಲ್ಪ ಮುಂದೆ ಹೋದರೆ ಎಡಬದಿಗೆ ಕಾರುಗಳ ಸಾಲು ಕಾಣುತ್ತದೆ. ಅವುಗಳಲ್ಲಿ ಒಂದಕ್ಕೂ ಮೈತುಂಬ ಒಂದೇ ಬಣ್ಣವಿಲ್ಲ. ಒಂದರ ಬಾಗಿಲು ಬೂದಿಬಣ್ಣದ ಪ್ರೈಮರ್‌ನಲ್ಲಿ ನಿಂತಿದೆ, ಇನ್ನೊಂದರ ಬಂಪರ್ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ, ಮತ್ತೊಂದರ ಬಾನೆಟ್ಟಿನ ಮೇಲೆ ಪುಟ್ಟಿ ಮೆತ್ತಿದ ಗುರುತುಗಳು. ಸಾಲಿನ ಕೊನೆಗೆ ತಗಡಿನ ಚಾವಣಿಯ ಶೆಡ್. ಮುಂಭಾಗದಲ್ಲಿ ಬಣ್ಣ ಬೆರೆಸುವ ಪುಟ್ಟ ಕೌಂಟರ್, ಅದರ ಹಿಂದೆ ಟಿಂಕರಿಂಗ್ ಜಾಗ, ಇನ್ನೂ ಒಳಗೆ ಪೇಂಟಿಂಗ್. ಪಕ್ಕದಲ್ಲಿ ಯಾವುದೋ ಸಣ್ಣ ವರ್ಕ್‌ಶಾಪಿನ ಯಂತ್ರದ ಸದ್ದು ಬಿಡದೆ ಕೇಳುತ್ತಿರುತ್ತದೆ. ರಾಜಾಜಿನಗರದ ಕೈಗಾರಿಕಾ ಪ್ರದೇಶ ಹತ್ತಿರವೇ ಇರುವುದರಿಂದ ಈ ಸುತ್ತಲಿನ ಬೀದಿಗಳಿಗೆ ಇಂಥ ಸದ್ದು ಹೊಸದಲ್ಲ.

ಮಾಸಿದ ಕಾರಿಗೆ ಹೊಂದುವ ಬಣ್ಣವನ್ನು ಹೇಗೆ ಹುಡುಕುತ್ತಾರೆ ಎಂದು ನೋಡಲು ಬಂದಿದ್ದೆ. ಹೊಸ ಕಾರಿಗೆ ಬಣ್ಣ ಹೊಂದಿಸುವುದು ಒಂದು ರೀತಿ, ಹತ್ತು ಹದಿನೈದು ವರ್ಷ ಬಿಸಿಲು ಕುಡಿದ ಕಾರಿಗೆ ಹೊಂದಿಸುವುದೇ ಬೇರೆ ಎಂದು ಕೇಳಿದ್ದೆ. ಶೆಡ್ಡಿನ ಬಾಯಲ್ಲೇ ನಿಂತಿದ್ದ ಕೆಂಪು ಹ್ಯಾಚ್‌ಬ್ಯಾಕ್ ಅದಕ್ಕೆ ಸರಿಯಾದ ಉದಾಹರಣೆಯಾಗಿ ಸಿಕ್ಕಿತು. ನಂಬರ್ ಪ್ಲೇಟಿನಲ್ಲಿ ಕೆಎ 02, ಅಂದರೆ ರಾಜಾಜಿನಗರ ಆರ್‌ಟಿಒ. ಹಿಂದಿನ ಎಡ ಬಾಗಿಲಿಗೆ ಗೇಟು ತಾಗಿ ಅಂಗೈಯಗಲ ಕೆರೆದಿದೆ. ಹದಿನೈದು ವರ್ಷ ತುಂಬುತ್ತಿದೆ, ಆರ್‌ಸಿ ನವೀಕರಿಸಬೇಕು, ಅದಕ್ಕೆ ಮುಂಚೆ ಎಫ್‌ಸಿಗೆ ಕೊಂಡೊಯ್ಯಬೇಕು. ಇಡೀ ಕಾರಿಗೆ ಬಣ್ಣ ಹೊಡೆಸುವ ಯೋಚನೆ ಮಾಲೀಕರಿಗಿಲ್ಲ. ಕೆರೆದ ಜಾಗ ಮುಚ್ಚಿದರೆ ಸಾಕು, ಆದರೆ ಮುಚ್ಚಿದ್ದು ಕಾಣಬಾರದು.

ಪೇಂಟರ್ ಮೊದಲು ಆ ಗಾಯದ ಕಡೆ ನೋಡಲೇ ಇಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಪೆಟ್ರೋಲ್ ಹಾಕುವ ಮುಚ್ಚಳ ತೆರೆದು ಅದರ ಒಳಬದಿಗೆ ಬೆರಳಿಟ್ಟರು.

"ಇದು ಸಾರ್ ಕಂಪನಿ ಕಲರ್. ಈಗ ಹೊರಗೆ ನೋಡಿ."

ಮುಚ್ಚಳದ ಒಳಗಿನದು ಗಾಢವಾದ, ತುಂಬಿದ ಕೆಂಪು. ಅದರ ಪಕ್ಕದ ಹೊರಮೈ ಅದಕ್ಕಿಂತ ತಿಳಿ, ಕೊಂಚ ಕಿತ್ತಳೆಯ ಕಡೆ ವಾಲಿದ್ದು. ಬಾನೆಟ್ಟು ಇನ್ನೂ ತಿಳಿ. ಮೇಲ್ಛಾವಣಿಯಂತೂ ಸುಣ್ಣದ ಪುಡಿ ಉದುರಿಸಿ ಒರೆಸಿದ ಹಾಗೆ ಬೆಳ್ಳಗೆ ಮಂಕಾಗಿತ್ತು. ಬಾಗಿಲು ತೆಗೆದು ಅದರ ಅಂಚಿನ ಒಳಭಾಗ ನೋಡಿದರೆ ಮತ್ತೆ ಹಳೆಯ ಗಾಢ ಕೆಂಪು. ಅಷ್ಟೇ ಅಲ್ಲ, ಎಡ ಬಾಗಿಲಿಗೂ ಬಲ ಬಾಗಿಲಿಗೂ ವ್ಯತ್ಯಾಸವಿದೆ ಎಂದರು ಪೇಂಟರ್. ನನಗೆ ಅದು ತಕ್ಷಣ ಕಾಣಲಿಲ್ಲ. ಎರಡೂ ಬದಿಗೆ ಹೋಗಿ ಬಂದು ನೋಡಿದ ಮೇಲೆ ಇರಬಹುದು ಅನ್ನಿಸಿತು. ಅವರು ಹೇಳಿದ್ದರಿಂದ ಹಾಗೆ ಕಂಡಿತೋ, ನಿಜಕ್ಕೂ ಕಂಡಿತೋ, ಹೇಳಲಾರೆ.

"ಗಾಡಿ ದಿನಾ ಒಂದೇ ಕಡೆಗೆ ಮುಖ ಮಾಡಿ ನಿಲ್ಲಿಸ್ತೀರಾ?" ಎಂದು ಮಾಲೀಕರನ್ನು ಕೇಳಿದರು. ಹೌದು, ಮನೆ ಮುಂದೆ ರಸ್ತೆಯಲ್ಲೇ, ಯಾವಾಗಲೂ ಹಾಗೇ, ಎಡಗಡೆಗೆ ಸಂಜೆ ಬಿಸಿಲು ಹೊಡೆಯುತ್ತೆ ಎಂದರು ಅವರು.

ಇದರ ಲೆಕ್ಕ ಸರಳ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದ ನಂತರ ಇನ್ನೊಮ್ಮೆ ಇಲ್ಲಿ ಸೂರ್ಯ ನೇರ ನಡುನೆತ್ತಿಗೆ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೂ ಆ ಮಧ್ಯಾಹ್ನ ನೆರಳು ಇರುವುದಿಲ್ಲ. ವರ್ಷದ ಉಳಿದ ಬಹುಪಾಲು ದಿನಗಳಲ್ಲೂ ಮಧ್ಯಾಹ್ನದ ಬಿಸಿಲು ಮೇಲಿನಿಂದಲೇ ಸುರಿಯುತ್ತದೆ. ಹಾಗಾಗಿ ಮಲಗಿದಂತಿರುವ ಭಾಗಗಳು, ಅಂದರೆ ಛಾವಣಿ, ಬಾನೆಟ್ಟು, ಡಿಕ್ಕಿಯ ಮುಚ್ಚಳ, ಮೊದಲು ಮಾಸುತ್ತವೆ. ನಿಂತಂತಿರುವ ಬಾಗಿಲುಗಳು ನಿಧಾನ. ನಿಲ್ಲಿಸುವ ದಿಕ್ಕು ಬದಲಾಗದಿದ್ದರೆ ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ. ಇದರ ಮೇಲೆ ಹೊಂಗೆ ಮರದ ಹೂವು, ಮಳೆಮರದ ಅಂಟು, ಹಕ್ಕಿ ಹಿಕ್ಕೆ, ಬೋರ್‌ವೆಲ್ ನೀರಲ್ಲಿ ತೊಳೆದು ಒರೆಸದೆ ಬಿಟ್ಟಾಗ ಕೂರುವ ಉಪ್ಪಿನ ಚುಕ್ಕೆಗಳು. ಪಶ್ಚಿಮ ಬೆಂಗಳೂರಿನಲ್ಲಿ ರಸ್ತೆಯಲ್ಲೇ ನಿಲ್ಲುವ ಕಾರಿಗೆ ಇವೆಲ್ಲ ದಿನನಿತ್ಯದ ಪಾಡು.

ಕೆಂಪು ಏಕೆ ಹೀಗೆ ಸೋಲುತ್ತದೆ? ಕೆಂಪಾಗಿ ಕಾಣುವ ವಸ್ತು ಬೆಳಕಿನ ನೀಲಿ, ಹಸಿರು ಭಾಗವನ್ನು ಹೀರಿಕೊಂಡು ಕೆಂಪನ್ನು ಮಾತ್ರ ಹಿಂದಿರುಗಿಸುತ್ತದೆ. ಹೆಚ್ಚು ಶಕ್ತಿ ಇರುವುದು ಹೀರಿಕೊಂಡ ಆ ನೀಲಿಯ ತುದಿಯಲ್ಲೇ, ಅದರಾಚೆಗಿನ ನೇರಳಾತೀತ ಕಿರಣಗಳಲ್ಲಿ ಇನ್ನೂ ಹೆಚ್ಚು. ಕಾರಿನ ಹೊಳೆಯುವ ಕೆಂಪಿಗೆ ಬಳಸುವ ವರ್ಣದ್ರವ್ಯಗಳು ಹೆಚ್ಚಾಗಿ ಇಂಗಾಲದ ಸಂಯುಕ್ತಗಳು. ಬಿಸಿಲು ಅವುಗಳ ಕೊಂಡಿಗಳನ್ನು ಒಂದೊಂದಾಗಿ ಮುರಿಯುತ್ತದೆ. ಇದೇ ರಾಜಾಜಿನಗರದ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಿ, ದಶಕಗಳು ಕಳೆದರೂ ಕೆಂಪಾಗೇ ಇರುತ್ತದೆ. ಅದು ಕಬ್ಬಿಣದ ಆಕ್ಸೈಡ್, ಕೆಮ್ಮಣ್ಣಿನ ಬಂಧು, ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಆ ಇಟ್ಟಿಗೆಗೆಂಪನ್ನು ಶೋರೂಮಿನಲ್ಲಿ ಯಾರೂ ಆರಿಸುವುದಿಲ್ಲ.

ಬಾನೆಟ್ ಎತ್ತಿದರು. ಒಳಗೆ ಒಂದು ಪುಟ್ಟ ತಗಡಿನ ಪಟ್ಟಿ, ಅದರಲ್ಲಿ ಕಾರಿನ ಬಣ್ಣದ ಕೋಡ್. ಕೆಲವು ಕಾರುಗಳಲ್ಲಿ ಇದು ಬಾಗಿಲ ಕಂಬದ ಮೇಲಿರುತ್ತದೆ, ಕೆಲವದರಲ್ಲಿ ಇಂಜಿನ್ ಹಿಂದಿನ ಗೋಡೆಯ ಮೇಲೆ. ಅಕ್ಷರ, ಅಂಕಿ ಬೆರೆತ ಮೂರು ನಾಲ್ಕು ಗುರುತು, ಅಷ್ಟೇ. ಮಾರುತಿ ಕಾರುಗಳಲ್ಲಿ 26ಯು ಎಂದಿದ್ದರೆ ಒಂದು ಬಿಳಿ, ಝಡ್2ಎಸ್ ಎಂದಿದ್ದರೆ ಒಂದು ಬೆಳ್ಳಿ. ಪೇಂಟರ್ ಕೋಡ್ ನೋಡಿದರು, ಬಾಯಲ್ಲಿ ಹೇಳಿಕೊಂಡರು, ಬಾನೆಟ್ ಮುಚ್ಚಿದರು. ಮಾಲೀಕರಿಗೆ ಅಲ್ಲಿಗೆ ಕೆಲಸ ಮುಗಿಯಿತು ಅನ್ನಿಸಿರಬೇಕು. "ಕೋಡ್ ಸಿಕ್ತಲ್ಲ, ಅದೇ ಹಾಕ್ಬಿಡಿ" ಎಂದರು.

"ಕೋಡ್ ಹಾಕಿದ್ರೆ ಕಂಪನಿ ಕಲರ್ ಬರುತ್ತೆ ಸಾರ್. ನಿಮ್ ಗಾಡಿ ಕಲರ್ ಬರಲ್ಲ."

ಅವರ ಮಾತು ನೂರಕ್ಕೆ ನೂರು ನಿಜ. ಕಾರು ಹುಟ್ಟಿದ ದಿನದ ಬಣ್ಣವನ್ನು ಮಾತ್ರ ಕೋಡ್ ಹೇಳುತ್ತದೆ. ಅದನ್ನೂ ಪೂರ್ತಿ ನಿಖರವಾಗಿ ಹೇಳುವುದಿಲ್ಲ. ಒಂದೇ ಕೋಡಿನ ಬಣ್ಣ ಬೇರೆ ಬೇರೆ ಕಾರ್ಖಾನೆಯಲ್ಲಿ, ಬೇರೆ ಬೇರೆ ವರ್ಷದಲ್ಲಿ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಅದಕ್ಕೇ ಬಣ್ಣದ ಕಂಪನಿಗಳು ಒಂದು ಕೋಡಿಗೆ ಮೂಲ ಸೂತ್ರದ ಜೊತೆಗೆ ಕೆಲವು ಪರ್ಯಾಯ ಸೂತ್ರಗಳನ್ನೂ ಕೊಡುತ್ತವೆ: ಒಂದು ಹಳದಿಯ ಕಡೆಗೆ, ಒಂದು ನೀಲಿಯ ಕಡೆಗೆ, ಒಂದು ಕಪ್ಪು ಹೆಚ್ಚಿರುವುದು, ಹೀಗೆ. ಅಂಗಡಿಗಳಲ್ಲಿ ಕೋಡ್ ಹೇಳಿ ಕೊಳ್ಳುವ ಟಚ್‌ಅಪ್ ಬಾಟಲಿಯಲ್ಲಿ ಸಿಗುವುದು ಸಾಮಾನ್ಯವಾಗಿ ಆ ಮೂಲ ಬಣ್ಣವೇ. ಹೊಸ ಕಾರಿನ ಮೇಲೆ ಅದು ಮಾಯವಾಗುತ್ತದೆ, ಮಾಸಿದ ಕಾರಿನ ಮೇಲೆ ಎದ್ದು ಕಾಣುತ್ತದೆ.

ಮುಂದಿನ ಹೆಜ್ಜೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಕೆರೆದ ಜಾಗದಿಂದ ಒಂದು ಗೇಣು ದೂರದಲ್ಲಿ ಪೇಂಟರ್ ರಬ್ಬಿಂಗ್ ಕಾಂಪೌಂಡ್ ಹಚ್ಚಿ, ಬಟ್ಟೆಯಿಂದ ಸುತ್ತು ಸುತ್ತಾಗಿ ತಿಕ್ಕತೊಡಗಿದರು. ಬಿಳಿಬಟ್ಟೆ ಕೆಂಪಾಯಿತು. ಅದನ್ನು ನನ್ನ ಕಡೆ ಹಿಡಿದು ತೋರಿಸಿದರು. ಬಟ್ಟೆಗೆ ಬಣ್ಣ ಹತ್ತಿದರೆ ಆ ಕಾರಿನ ಬಣ್ಣದ ಮೇಲೆ ಲ್ಯಾಕರ್ ಪದರ ಇಲ್ಲ ಎಂದರ್ಥ. ಬಣ್ಣವೇ ಮೇಲ್ಪದರ. ಲ್ಯಾಕರ್ ಇದ್ದಿದ್ದರೆ ಬಟ್ಟೆ ಬರೀ ಕೊಳೆಯಾಗುತ್ತಿತ್ತು. ತಿಕ್ಕಿದ ಜಾಗವನ್ನು ಒರೆಸಿದಾಗ ಅಂಗೈಯಗಲದ ಹೊಳೆಯುವ ಕೆಂಪು ಕಂಡಿತು. ಸುತ್ತಲಿನ ಮಂಕಿಗಿಂತ ಗಾಢ, ಪೆಟ್ರೋಲ್ ಮುಚ್ಚಳದ ಒಳಗಿನದಕ್ಕಿಂತ ತಿಳಿ. ಹೊಂದಿಸಬೇಕಾದದ್ದು ಇದಕ್ಕೆ.

ಏಕೆಂದರೆ ಮಾಸುವುದರಲ್ಲಿ ಎರಡು ಬಗೆಯಿದೆ. ಒಂದು, ಮೇಲ್ಮೈಯ ರಾಳ ಬಿಸಿಲಿಗೆ ಒಡೆದು ಪುಡಿಯಾಗಿ ಬೆಳಕನ್ನು ಅಡ್ಡಾದಿಡ್ಡಿ ಚದುರಿಸುವುದು. ಈ ಬಿಳುಪು ತಿಕ್ಕಿದರೆ ಹೋಗುತ್ತದೆ. ಇನ್ನೊಂದು, ವರ್ಣದ್ರವ್ಯವೇ ಬದಲಾಗಿರುವುದು. ಇದು ಹೋಗುವುದಿಲ್ಲ. ಮೊದಲನೆಯದನ್ನು ತೆಗೆಯದೆ ಬಣ್ಣ ಹೊಂದಿಸಿದರೆ ಹೊಂದಿದ್ದು ಪುಡಿಗೆ. ನಾಳೆ ಯಾರಾದರೂ ಪಾಲಿಶ್ ಮಾಡಿದ ಕೂಡಲೇ ತೇಪೆ ಬಯಲಾಗುತ್ತದೆ.

ಅಲ್ಲಿಂದ ಕೌಂಟರಿಗೆ ಬಂದೆವು. ಕಪಾಟಿನಲ್ಲಿ ಟಿಂಟರ್ ಡಬ್ಬಗಳ ಸಾಲು, ಪ್ರತಿಯೊಂದರ ಮುಚ್ಚಳಕ್ಕೂ ಕಲಕುವ ಹಿಡಿಕೆ. ವರ್ಣದ್ರವ್ಯ ತಳಕ್ಕಿಳಿದಿರುತ್ತದೆ, ಕಲಕದೆ ಸುರಿದರೆ ಸೂತ್ರ ಎಷ್ಟೇ ಸರಿಯಿದ್ದರೂ ಬಣ್ಣ ಕೈಕೊಡುತ್ತದೆ. ಮೇಜಿನ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ, ಕಂಪ್ಯೂಟರು, ಮತ್ತು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡಿನ ಕಂತೆ. ಕಾರ್ಡುಗಳನ್ನು ಕಾರಿನ ಬಳಿಗೇ ಒಯ್ದು, ತಿಕ್ಕಿದ ಜಾಗದ ಮೇಲೆ ಒಂದೊಂದಾಗಿ ಇಟ್ಟು ನೋಡಿದರು. ಅತ್ಯಂತ ಹತ್ತಿರದ್ದನ್ನು ಆರಿಸಿ ಅದರ ಸೂತ್ರ ತೆಗೆದರು. ಬಣ್ಣ ಸುರಿಯುವಾಗ ತಕ್ಕಡಿಯ ಅಂಕಿ ಗ್ರಾಮಿನ ಹತ್ತನೇ ಭಾಗದಲ್ಲಿ ಏರುತ್ತದೆ. ಸಹಾಯಕ್ಕಿದ್ದ ಹುಡುಗ ಡಬ್ಬ ಬಗ್ಗಿಸುವಾಗ ಉಸಿರು ಬಿಗಿಹಿಡಿದಿದ್ದ. ಕಡಿಮೆ ಪ್ರಮಾಣದ ಟಿಂಟರ್‌ನಲ್ಲಿ ಒಂದು ಹನಿ ಹೆಚ್ಚಾದರೂ ಉಳಿದ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು.

ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಈ ಕೆಲಸಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಇರುತ್ತದೆ. ಕೈಯಲ್ಲಿ ಹಿಡಿದು ಕಾರಿನ ಮೈಗೆ ಒತ್ತಿದರೆ ತನ್ನದೇ ಬೆಳಕು ಬಿಟ್ಟು ಹಿಂದಿರುಗಿದ್ದನ್ನು ಅಳೆಯುತ್ತದೆ. ಮೆಟಾಲಿಕ್ ಬಣ್ಣಕ್ಕಾದರೆ 15, 25, 45, 75, 110 ಡಿಗ್ರಿ ಹೀಗೆ ಹಲವು ಕೋನಗಳಿಂದ. ಅಂತರರಾಷ್ಟ್ರೀಯ ಪ್ರಕಾಶ ಆಯೋಗ 1976ರಲ್ಲಿ ಗೊತ್ತುಮಾಡಿದ ಅಳತೆಯಂತೆ ಬಣ್ಣವನ್ನು ಮೂರು ಅಂಕಿಗಳಿಗೆ ಇಳಿಸುತ್ತದೆ: ಎಷ್ಟು ಬೆಳಕು, ಎಷ್ಟು ಕೆಂಪು ಅಥವಾ ಹಸಿರು, ಎಷ್ಟು ಹಳದಿ ಅಥವಾ ನೀಲಿ. ಎರಡು ಬಣ್ಣಗಳ ನಡುವಿನ ಅಂತರ ಆ ಲೆಕ್ಕದಲ್ಲಿ 1ರ ಆಸುಪಾಸಿಗೆ ಬಂದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಈ ಶೆಡ್ಡಿನಲ್ಲಿ ಅಂಥ ಯಂತ್ರವಿಲ್ಲ. ಇದ್ದಿದ್ದರೂ ಕೊನೆಗೆ ಕಣ್ಣೇ ಬೇಕಾಗುತ್ತಿತ್ತು. ಯಂತ್ರ ತನ್ನ ಸಂಗ್ರಹದಲ್ಲಿರುವ ಸೂತ್ರಗಳಲ್ಲಿ ಹತ್ತಿರದ್ದನ್ನು ತೋರಿಸುತ್ತದೆ, ಅದನ್ನು ಸರಿಪಡಿಸುವ ದಾರಿಯನ್ನೂ ಸೂಚಿಸಬಹುದು. ಆದರೆ ಕುರುಬರಹಳ್ಳಿಯ ಬಿಸಿಲಲ್ಲಿ ಹದಿನೈದು ವರ್ಷ ನಿಂತ ಎಡ ಬಾಗಿಲಿನ ಸೂತ್ರ ಯಾರ ಸಂಗ್ರಹದಲ್ಲೂ ಇಲ್ಲ.

ಕೆಂಪು ತಿಳಿಯಾಗಬೇಕಾದರೆ ಬಿಳಿ ಸೇರಿಸುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡುವುದಿಲ್ಲ. ಕೆಂಪಿಗೆ ಬಿಳಿ ಬಿದ್ದರೆ ಹಾಲು ಕದಡಿದಂಥ ಗುಲಾಬಿ ಆಗುತ್ತದೆ. ಇಲ್ಲಿ ಬೇಕಿದ್ದುದು ಕಿತ್ತಳೆಯ ಕಡೆ ಒಂದು ಹೆಜ್ಜೆ. ಪೇಂಟರ್ ಹಳದಿ ಟಿಂಟರ್‌ನ ಡಬ್ಬದಲ್ಲಿ ಕಡ್ಡಿಯ ತುದಿ ಅದ್ದಿ, ಅಷ್ಟನ್ನೇ ಬೆರೆಸಿ ಕಲಕಿದರು. ಡಬ್ಬದಲ್ಲಿ ಏನೂ ಬದಲಾದಂತೆ ನನಗೆ ಕಾಣಲಿಲ್ಲ. ಅವರೂ ಡಬ್ಬದೊಳಗೆ ನೋಡಿ ತೀರ್ಮಾನಿಸಲಿಲ್ಲ. ಒದ್ದೆ ಬಣ್ಣ ಒಣಗಿದ ಬಣ್ಣಕ್ಕಿಂತ ಬೇರೆಯಾಗೇ ಕಾಣುತ್ತದೆ. ಹಾಗಾಗಿ ಒಂದು ಕಾರ್ಡಿನ ಮೇಲೆ ಸ್ಪ್ರೇ ಹೊಡೆದು, ಒಣಗಲು ಬಿಟ್ಟು, ಆಮೇಲೆ ಕೈಗೆತ್ತಿಕೊಂಡರು.

ಒಣಗಿದ ಕಾರ್ಡ್ ಹಿಡಿದು ನೇರ ಹೊರಗೆ ನಡೆದರು. ಒಳಗೆ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಆಗಿದ್ದವು, ನಾನಾದರೆ ಒಪ್ಪಿಬಿಡುತ್ತಿದ್ದೆ. ಹೊರಗಿನ ಬೆಳಕಿಗೆ ಬಂದ ಕೂಡಲೇ ಕಾರ್ಡ್ ಸ್ವಲ್ಪ ಕಂದಿನ ಕಡೆಗೆ ಸರಿದಂತೆ ಕಂಡಿತು. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಬೇರೆಯಾಗುವುದು ಈ ಕೆಲಸದ ದೊಡ್ಡ ಕಾಟ. ಕಾರ್ಖಾನೆಯವರು ಯಾವ ಕೆಂಪು ಹಾಕಿದ್ದರೋ ಅದೇ ದ್ರವ್ಯ ಇಲ್ಲಿಯ ಡಬ್ಬದಲ್ಲಿ ಇರಬೇಕೆಂದಿಲ್ಲ. ಅದಕ್ಕೇ ಹಗಲಿನ ಬೆಳಕಿಗೆ ಸಮನಾದ 6500 ಕೆಲ್ವಿನ್ ದೀಪಗಳನ್ನು ಕೆಲವರು ಇಟ್ಟುಕೊಳ್ಳುತ್ತಾರೆ. ಇಲ್ಲಿ ಆಕಾಶವೇ ದೀಪ. ನೇರ ಬಿಸಿಲಿನಲ್ಲಿ ನೋಡುವುದಿಲ್ಲ, ಕಣ್ಣು ಕುಕ್ಕುತ್ತದೆ. ಸಂಜೆ ಇಳಿದ ಮೇಲೆ ನೋಡುವುದೇ ಇಲ್ಲ, ಆಗಿನ ಬೆಳಕಲ್ಲಿ ಎಲ್ಲವೂ ಕೆಂಪು. ಮಧ್ಯಾಹ್ನದ ಹೊತ್ತು, ಗೋಡೆಯ ನೆರಳಿನಲ್ಲಿ, ಕಾರ್ಡನ್ನು ಬಾಗಿಲಿಗೆ ಅಂಟಿಸಿದಂತೆ ಹಿಡಿದು, ಮೊದಲು ಎದುರಿನಿಂದ, ಆಮೇಲೆ ಮಗ್ಗುಲಿನಿಂದ. ಪಕ್ಕದಲ್ಲಿ ನೀಲಿ ಟಾರ್ಪಾಲ್ ತೂಗುತ್ತಿತ್ತು. ಅದರ ನೆರಳು ಬಾಗಿಲ ಮೇಲೆ ಬೀಳುತ್ತಿದೆ ಎಂದು ಹುಡುಗನಿಗೆ ಹೇಳಿ ಸರಿಸಿದರು.

"ಇನ್ನೊಂಚೂರು ಹಳದಿ ಬೇಕಾ ಅಣ್ಣ?" ಎಂದ ಹುಡುಗ.

"ಹಳದಿ ಸಾಕು. ಕಪ್ಪು ಜಾಸ್ತಿಯಾಗಿದೆ."

ಸೂತ್ರದಲ್ಲಿದ್ದ ಕಪ್ಪನ್ನು ಹಿಂದೆ ತೆಗೆಯಲು ಬರುವುದಿಲ್ಲ. ಕೆಂಪನ್ನೇ ಹೆಚ್ಚಿಸಿ ಕಪ್ಪಿನ ಪಾಲು ತಗ್ಗಿಸಬೇಕು. ಮತ್ತೆ ತಕ್ಕಡಿ, ಮತ್ತೆ ಕಲಕು, ಮತ್ತೆ ಕಾರ್ಡ್, ಮತ್ತೆ ಬಾಗಿಲು. ಮಾಲೀಕರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಗಿರಾಕಿ ಹಣ ಕೊಡುವುದು ಬಾಗಿಲಿನ ಲೆಕ್ಕಕ್ಕೆ, ಬಣ್ಣ ಹುಡುಕಿದ ಹೊತ್ತಿಗೆ ಬಿಲ್ಲಿನಲ್ಲಿ ಸಾಲೇ ಇರುವುದಿಲ್ಲ. ಅಲ್ಲಿ ನಿಂತು ನೋಡಿದವರಿಗೆ ಇದು ಅನ್ಯಾಯ ಎಂದು ಅನ್ನಿಸದೆ ಇರದು. ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಬಣ್ಣ ಹುಡುಕುವುದೇ.

ಪಕ್ಕದಲ್ಲೇ ಒಂದು ಬೆಳ್ಳಿಬಣ್ಣದ ಕಾರು ಕಾದಿತ್ತು. ಕೆಂಪಿಗಿಂತ ಬೆಳ್ಳಿ ಕಷ್ಟ ಎಂದರು. ಮೆಟಾಲಿಕ್ ಬಣ್ಣದೊಳಗೆ ಅಲ್ಯೂಮಿನಿಯಂನ ಸಣ್ಣ ಚೂರುಗಳಿರುತ್ತವೆ. ಅವು ಹೇಗೆ ಮಲಗುತ್ತವೆ ಎಂಬುದರ ಮೇಲೆ ಬಣ್ಣ ನಿಲ್ಲುತ್ತದೆ. ಗನ್ ದೂರ ಹಿಡಿದು ಒಣಒಣಗಿ ಹೊಡೆದರೆ ಬೆಳ್ಳಿ ತಿಳಿಯಾಗುತ್ತದೆ. ಹತ್ತಿರದಿಂದ ಒದ್ದೆಯಾಗಿ ಹೊಡೆದರೆ ಚೂರುಗಳು ಕೆಳಗಿಳಿದು ಗಾಢವಾಗುತ್ತದೆ. ಅದೇ ಡಬ್ಬ, ಅದೇ ಕೈ, ಎರಡು ಬಣ್ಣ. ಎದುರಿನಿಂದ ಹೊಂದಿದ್ದು ಮಗ್ಗುಲಿನಿಂದ ಕಪ್ಪಾಗಿ ಕಾಣುವುದೂ ಉಂಟು. ಆ ಕಾರಿನ ಮುಂದಿನ ಫೆಂಡರ್ ಹಿಂದೆಂದೋ ಬೇರೆ ಕಡೆ ಬಣ್ಣ ಕಂಡಿತ್ತಂತೆ. ನೇರ ನಿಂತು ನೋಡಿದರೆ ತಿಳಿಯಲಿಲ್ಲ. ಹೆಡ್‌ಲೈಟ್ ಕಡೆಯಿಂದ ಬಾಗಿ ನೋಡಿದಾಗ ಫೆಂಡರಿಗೂ ಬಾಗಿಲಿಗೂ ನಡುವೆ ಗೆರೆ ಎಳೆದಂತೆ ಇತ್ತು.

ಒಳಗಿನ ಪೇಂಟಿಂಗ್ ಜಾಗಕ್ಕೆ ಹೋಗುವ ಹೊತ್ತಿಗೆ ಕೆರೆದ ಭಾಗ ಸಿದ್ಧವಾಗಿತ್ತು. ಪುಟ್ಟಿ ಹಾಕಿ, ವಾಟರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ 800ರ ಪೇಪರಿನಲ್ಲಿ ನುಣುಪು ಮಾಡಿದ್ದರು. ಗಾಜಿಗೂ ಚಕ್ರಕ್ಕೂ ಹಳೆ ಕನ್ನಡ ಪತ್ರಿಕೆಗಳ ಹೊದಿಕೆ. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು.

ಕಾರ್ಖಾನೆಯಿಂದ ಬಂದ ಕಾರಿನ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಏಳನೇ ಒಂದು ಭಾಗವನ್ನೂ ಮೀರದು. ಆ ತೆಳುವಿನಲ್ಲಿ ಹಳತು ಮುಗಿದು ಹೊಸತು ಶುರುವಾಗುವ ಗೆರೆಯನ್ನು ಕಾಣದಂತೆ ಮಾಡಬೇಕು. ಪೇಂಟರ್ ಗೆರೆಯನ್ನೇ ಇಡಲಿಲ್ಲ. ಗಾಯದ ಮೇಲೆ ಬಣ್ಣ ತುಂಬಿಸಿ, ಹೊರಕ್ಕೆ ಬಂದಂತೆ ಗನ್ನನ್ನು ಬೀಸುತ್ತ ಕೈ ಹಗುರ ಮಾಡಿ, ಕೊನೆಗೆ ಹಳೆ ಬಣ್ಣದ ಮೇಲೆ ಹನಿಹನಿಯಾಗಿ ಕರಗಿಸಿದರು. ಬಣ್ಣ ಇಂಥಲ್ಲೇ ನಿಂತಿತು ಎಂದು ತೋರಿಸಲು ನನಗೆ ಆಗಲಿಲ್ಲ. ಇದನ್ನು ಬ್ಲೆಂಡಿಂಗ್ ಎನ್ನುತ್ತಾರೆ. ಎಷ್ಟೇ ಚೆನ್ನಾಗಿ ಬೆರೆಸಿದ ಬಣ್ಣವೂ ಗಡಿ ಕತ್ತರಿಸಿದಂತೆ ನಿಂತರೆ ಕಣ್ಣು ಹಿಡಿದುಬಿಡುತ್ತದೆ. ಅದೇ ಬಣ್ಣ ನಿಧಾನ ಮಾಯವಾದರೆ ಸಣ್ಣ ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ.

ಗನ್ ಹಿಡಿದವರ ಮುಖಕ್ಕೆ ಒಂದು ಕರ್ಚೀಫ್ ಮಾತ್ರ ಕಟ್ಟಿತ್ತು. ಈಗ ಬಳಸುವ ಪಿಯು (ಪಾಲಿಯುರೆಥೇನ್) ಬಣ್ಣಕ್ಕೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜನ್ನು ಉಸಿರಾಡಿದರೆ ಆಸ್ತಮಾ ಬರಬಹುದು, ಒಮ್ಮೆ ಒಗ್ಗದಾದರೆ ಆಮೇಲೆ ತುಸು ತಗುಲಿದರೂ ಉಸಿರು ಕಟ್ಟಬಹುದು. ಕರ್ಚೀಫ್ ಅದನ್ನು ತಡೆಯುವುದಿಲ್ಲ. ಬೇರೆ ಕೊಳವೆಯಿಂದ ಶುದ್ಧ ಗಾಳಿ ಕೊಡುವ ಮುಖವಾಡ ಬೇಕು. ಕೇಳಿದೆ. ಮಾಸ್ಕ್ ಇದೆ, ಬೆವರುತ್ತೆ ಅಂತ ಹಾಕಲ್ಲ ಎಂದರು. ನನಗೆ ಅದು ಸಮಾಧಾನ ತರಲಿಲ್ಲ. ಹುಡುಗನನ್ನಾದರೂ ಹೊಡೆಯುವ ಹೊತ್ತಿಗೆ ಹೊರಗೆ ಕಳಿಸಿ ಎಂದು ಕೇಳಿಕೊಂಡೆ, ಕಳಿಸಿದರು.

ಬಣ್ಣ ಆರುವಷ್ಟರಲ್ಲಿ ಬಾನೆಟ್ಟಿನ ಮೇಲಿನ ಕಲ್ಲೇಟಿನ ಚುಕ್ಕೆಗಳ ಸರದಿ. ಇವಕ್ಕೆ ಗನ್ ಬೇಡ. ಚುಕ್ಕೆಯಲ್ಲಿ ತುಕ್ಕಿದ್ದರೆ ಕೆರೆದು, ಪ್ರೈಮರ್ ತಾಗಿಸಿ, ಕೂದಲಿನಂಥ ಬ್ರಷ್ಷಿನಿಂದ ಬಣ್ಣದ ಹನಿಯನ್ನು ಗುಳಿಯೊಳಗಷ್ಟೇ ಇಳಿಸಿದರು. ಒಣಗಿದಂತೆ ಹನಿ ಕುಗ್ಗುತ್ತದೆ, ಮತ್ತೆ ಇನ್ನೊಂದು ಹನಿ. ಮಟ್ಟ ಸಮನಾದ ಮೇಲೆ 2000ದ ಪೇಪರಿನಲ್ಲಿ ಸವರಿ ಪಾಲಿಶ್. ಬಾನೆಟ್ಟು ಬಾಗಿಲಿಗಿಂತ ಹೆಚ್ಚು ಮಾಸಿದ್ದರಿಂದ ಬಾಗಿಲಿನ ಬಣ್ಣಕ್ಕೇ ಇನ್ನೊಂದು ಕಡ್ಡಿ ತುದಿ ಹಳದಿ ಬಿದ್ದಿತ್ತು. ಒಂದೇ ಕಾರಿಗೆ ಎರಡು ಡಬ್ಬ ಕೆಂಪು.

ಬಾಗಿಲು ಸಿದ್ಧವಾದ ಮೇಲೆ ಕಾರನ್ನು ಹೊರಗೆ ತಂದರು. ಎದುರಿನಿಂದ ನನಗೆ ಗಾಯ ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಹಿಂಬದಿಯಿಂದ ಓರೆಯಾಗಿ ನೋಡಿದಾಗ ಹಿಡಿಕೆಯ ಕೆಳಗೆ ಹೊಳಪು ಸ್ವಲ್ಪ ಬೇರೆ ಅನ್ನಿಸಿತು, ಆದರೆ ಅಲ್ಲೇ ಹುಡುಕಬೇಕೆಂದು ನನಗೆ ಮೊದಲೇ ತಿಳಿದಿತ್ತು. ಮಾಲೀಕರು ಇದು ಹೀಗೇ ಉಳಿಯುತ್ತದೆಯೇ ಎಂದು ಕೇಳಿದರು. ಉಳಿಯಲ್ಲ ಎಂದರು ಪೇಂಟರ್, ಹೊಸ ಬಣ್ಣ ಒಂದು ರೀತಿ ಮಾಸುತ್ತೆ, ಹಳೆಯದು ಒಂದು ರೀತಿ. ವ್ಯಾಕ್ಸ್ ಹಾಕಿ, ಕಾರನ್ನು ಆಗಾಗ ತಿರುಗಿಸಿ ನಿಲ್ಲಿಸಿ, ಕವರ್ ಹಾಕುವುದಾದರೆ ಧೂಳು ತೊಳೆದ ಮೇಲೆ ಹಾಕಿ, ಇಲ್ಲದಿದ್ದರೆ ಕವರೇ ವಾಟರ್ ಪೇಪರ್ ಥರ ಉಜ್ಜುತ್ತೆ.

ಆಮೇಲೆ ಉಳಿದ ಬಣ್ಣವನ್ನು ಎರಡು ಸಣ್ಣ ಬಾಟಲಿಗೆ ಸುರಿದು, ಹಾರ್ಡ್‌ನರ್ ಬೆರೆಸಿಲ್ಲ, ಇಟ್ಟುಕೊಳ್ಳಬಹುದು ಎಂದರು. ಒಂದರ ಮೇಲೆ 'ಬಾಗಿಲು', ಇನ್ನೊಂದರ ಮೇಲೆ 'ಬಾನೆಟ್' ಎಂದು ಮಾರ್ಕರಿನಲ್ಲಿ ಬರೆದರು. ಅದರ ಕೆಳಗೆ ತಾರೀಕು, ಮತ್ತು ಕೆಂಪು, ಹಳದಿ, ಕಪ್ಪು ಎಷ್ಟೆಷ್ಟು ಗ್ರಾಂ ಎಂಬ ಲೆಕ್ಕ. ಕಂಪನಿಯ ಕೋಡ್ ಬರೆಯಲಿಲ್ಲ. ಮುಂದೆ ಯಾರ ಹತ್ತಿರ ಹೋದರೂ ಈ ಲೆಕ್ಕ ತೋರಿಸಿ, ಇಲ್ಲಿಂದ ಶುರು ಮಾಡಲಿ ಎಂದು ಬಾಟಲಿಗಳನ್ನು ಮಾಲೀಕರ ಕೈಗೆ ಕೊಟ್ಟರು.